ಹಿಂದಕ್ಕೆ ಎನ್ನದ ಕರೆ

೧೯೯೬ರ ಮಾರ್ಚ್ ೯, ಶನಿವಾರ. ಸಂಜೆ ಆರು ಗಂಟೆ ಹನ್ನೆರಡು ನಿಮಿಷ.

ಸಿಂಗಾಪುರದ ತಂಜಾಂಗ್ ಪಗಾರ್‌ನಲ್ಲಿ, ಕೆಳಗೆ ಅಂಗಡಿಯಿದ್ದ ಹಳೆಯ ಶಾಪ್‌ಹೌಸ್ ಒಂದರ ಮಹಡಿಯ ಹಾಲ್‌ನಲ್ಲಿ ಮೊದಲ ಹೊಡೆತ ಬಿದ್ದದ್ದು ಆಗ.

ಜ್ಯೋತ್ಸ್ನಾ ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತಿದ್ದಳು. ಕೆಳಗೆ ಮರದ ನೆಲದ ಮೇಲೆ ಎರಡು ಉದ್ದ ಸಾಲು, ಎದುರುಬದುರು. ಕ್ಯಾಸೆಟ್ಟಿನಲ್ಲಿ ಪಿಟೀಲು ಓಡುತ್ತಿತ್ತು. ಕಾಂಟ್ರಾ ಎಂಬ ಈ ಅಮೆರಿಕದ ಜನಪದ ನೃತ್ಯದಲ್ಲಿ ಕಾಲರ್, ಅಂದರೆ ಹೆಜ್ಜೆ ಕರೆಯುವವಳು, ಮುಂದಿನ ಚಲನೆಯ ಹೆಸರನ್ನು ತಾಳ ಬೀಳುವುದಕ್ಕಿಂತ ಒಂದು ಉಸಿರು ಮೊದಲೇ ಕೂಗಬೇಕು. ಕೂಗಿದರೆ ಸಾಕು. ಯಾರೂ ಯೋಚಿಸುವುದಿಲ್ಲ, ಕಾಲುಗಳೇ ಕೇಳಿಸಿಕೊಳ್ಳುತ್ತವೆ.

"ಅಲೆಮಾಂಡ್ ಲೆಫ್ಟ್ ಯುವರ್ ನೇಬರ್!"

ಎಲ್ಲರೂ ಎದುರಿಗೆ ಬಂದವರ ಎಡಗೈಗೆ ಎಡಗೈ ಕೊಟ್ಟು ಸುತ್ತು ತಿರುಗಿದರು. ಆಗಲೇ ಬಾಗಿಲಲ್ಲಿ ನಿಂತಿದ್ದ ಅಪರಿಚಿತನೊಬ್ಬ ಸಾಲನ್ನು ಸೀಳಿಕೊಂಡು ಒಳನುಗ್ಗಿದ. ಅವನ ಮುಷ್ಟಿ ಒಬ್ಬ ನೃತ್ಯಗಾರನ ಮೂಗಿನ ಮೇಲೆ ಬಿತ್ತು. ಮತ್ತೊಮ್ಮೆ ಬಿತ್ತು!

ಹೊಡೆಸಿಕೊಂಡವನು ಕೌಶಿಕ್. ಜೂನ್‌ನಲ್ಲಿ ಜ್ಯೋತ್ಸ್ನಾಳ ಕೊರಳಿಗೆ ತಾಳಿ ಕಟ್ಟಬೇಕಾಗಿದ್ದವನು.

"ಅಯ್ಯೋ ಕೌಶಿಕ್!" ಅವಳು ಮೈಕ್ ಬಿಸಾಡಿ ವೇದಿಕೆಯಿಂದ ಹಾರಿದಳು. ನೆಲದ ಮೇಲೆ ರಕ್ತದ ಹನಿಗಳು. ಪಿಟೀಲು ಮಾತ್ರ ಏನೂ ಆಗಿಲ್ಲವೆಂಬಂತೆ ಕುಣಿಯುತ್ತಲೇ ಇತ್ತು.

"ಅಣ್ಣಾ, ಸಾಕು! ಬಿಡು!" ಎಂದು ಅಳುತ್ತಾ ಅಪರಿಚಿತನ ಶರ್ಟು ಎಳೆಯುತ್ತಿದ್ದಳು ನವ್ಯಶ್ರೀ. ಪ್ರತಿ ಶನಿವಾರ ತಪ್ಪದೆ ಬರುವ ಉಡುಪಿಯ ಹುಡುಗಿ. ಅವಳ ಎಡಗೈ ಎದೆಗೆ ಒತ್ತಿಕೊಂಡಿತ್ತು.

"ಯಾರ್ರೀ ನೀವು? ಮನುಷ್ಯರಾ?" ಜ್ಯೋತ್ಸ್ನಾ ಅಡ್ಡ ನಿಂತಳು.

"ಇವಳ ಅಣ್ಣ, ಪೃಥ್ವಿರಾಜ್. ನೀವು ಕನ್ನಡದವ್ರಲ್ವಾ? ಹಾಗಾದ್ರೆ ಕನ್ನಡದಲ್ಲೇ ಕೇಳ್ತೇನೆ. ಅಷ್ಟು ಎತ್ತರದಲ್ಲಿ ನಿಂತ್ಕೊಂಡು ನೀವು ನೋಡ್ತಿದ್ದದ್ದು ಎಂತದನ್ನ?"

"ನೋಡ್ದೆನಲ್ಲ! ಒಬ್ಬ ರೌಡಿ ಒಳಗೆ ನುಗ್ಗಿ ನನ್ನ ಫಿಯಾನ್ಸೆಗೆ ಹೊಡೆದಿದ್ದನ್ನ!"

"ಫಿಯಾನ್ಸೆ..." ಅವನ ಕಣ್ಣು ಅವಳ ತೋಳಿನ ಮೇಲೆ ನಿಂತಿತು. ಸಿಂಗಾಪುರದ ಆ ಬೇಗೆಯಲ್ಲೂ ಮಣಿಕಟ್ಟಿನವರೆಗೆ ಇಳಿದಿದ್ದ ಚೂಡಿದಾರದ ತೋಳು. "ಓ... ಅದಕ್ಕೇ."

"ಅದಕ್ಕೇ ಅಂದ್ರೆ?"

"ಅದಕ್ಕೇ ಇಲ್ಲಿ ಯಾರೂ ನಿಮಗೆ ಏನೂ ಹೇಳಿಲ್ಲ."

"ಗೆಟ್ ಔಟ್!" ಎಂದು ಕಿರುಚಿದಳು ಅವಳು. "ಇನ್ನೊಂದ್ಸಲ ಈ ಹಾಲ್‌ಗೆ ಕಾಲಿಟ್ರೆ ಪೊಲೀಸ್ ಕರೀತೀನಿ!"

ಅವನು ತಂಗಿಯ ಹೆಗಲು ಬಳಸಿಕೊಂಡು ಹೊರಟುಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ... ಕನಿಕರವಿತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿತು.

ಟ್ಯಾಕ್ಸಿಯಲ್ಲಿ ಕೌಶಿಕ್ ಮೂಗಿಗೆ ಐಸ್ ಒತ್ತಿಕೊಂಡು ಕೂತಿದ್ದ. ಇನ್ನೊಂದು ಕೈಯಲ್ಲಿ ಅವಳ ಬಲ ಮಣಿಕಟ್ಟು.

"ನಿನ್ನ ಹಾಲ್‌ನಲ್ಲಿ, ನಿನ್ನ ಜನರ ಮುಂದೆ ನನಗೆ ಹೊಡೆದ ಜೋ. ನೀನು ಅವನ ಜೊತೆ ನಿಂತ್ಕೊಂಡು ಮಾತಾಡ್ತಿದ್ದೆ."

"ಬೈತಿದ್ದೆ ಕೌಶಿಕ್... ಕೈ ಬಿಡು, ನೋಯ್ತಿದೆ."

"ನನಗೂ ನೋಯ್ತಿದೆ."

ಅವನು ಬಿಡಲಿಲ್ಲ. ಹಿಡಿತ ಬಿಗಿಯಾಯಿತು. ಅವಳು ಕಿಟಕಿಯಾಚೆ ನೋಡುತ್ತಾ ತುಟಿ ಕಚ್ಚಿದಳು. 'ಪಾಪ, ಅವಮಾನ ಆಗಿದೆ ಅವನಿಗೆ... ನೋವಿನಲ್ಲಿ ಹೀಗೆ ಮಾಡ್ತಿದ್ದಾನೆ.' ಹೋದ ಸಲವೂ ಅವಳು ತನಗೆ ತಾನೇ ಇಂಥದ್ದೇ ಒಂದು ಕಾರಣ ಹೇಳಿಕೊಂಡಿದ್ದಳು.

ಜ್ಯೋತ್ಸ್ನಾ ಮೈಸೂರಿನವಳು, ಲೋಹಶಾಸ್ತ್ರ ಓದಿದವಳು. ಸೆಲೆಟಾರ್‌ನ ಒಂದು ವಿಮಾನ ದುರಸ್ತಿ ಕಂಪನಿಯಲ್ಲಿ ಎಂಜಿನ್ನಿನ ಬ್ಲೇಡುಗಳಲ್ಲಿ ಬಿರುಕು ಹುಡುಕುವುದು ಅವಳ ಕೆಲಸ. ಬ್ಲೇಡಿಗೆ ಹೊಳೆಯುವ ಬಣ್ಣದ ದ್ರವ ಹಚ್ಚಿ, ಒರೆಸಿ, ಕತ್ತಲ ಗೂಡಿನಲ್ಲಿ ಅಲ್ಟ್ರಾವಯೊಲೆಟ್ ದೀಪದಡಿ ಹಿಡಿಯುತ್ತಾರೆ. ಒಳಗೆ ಬಿರುಕಿದ್ದರೆ ಅದರಲ್ಲಿ ಉಳಿದ ಬಣ್ಣ ಹಸಿರು ಗೆರೆಯಾಗಿ ಉರಿಯುತ್ತದೆ. ಸಹೋದ್ಯೋಗಿಯ ಅಮೆರಿಕನ್ ಹೆಂಡತಿ ಶುರು ಮಾಡಿದ ನೃತ್ಯದ ಕೂಟಕ್ಕೆ ಅವಳು ಸುಮ್ಮನೆ ಹೋಗಿದ್ದಳು. ಆಕೆ ತನ್ನ ದೇಶಕ್ಕೆ ಮರಳುವಾಗ ಕ್ಯಾಸೆಟ್ಟುಗಳನ್ನೂ ಮೈಕನ್ನೂ ಇವಳ ಕೈಗಿಟ್ಟಿದ್ದಳು.

ಸೋಮವಾರ ಆ ಕತ್ತಲ ಗೂಡಿನಲ್ಲಿ ಗ್ಲವ್ಸ್ ಸರಿಮಾಡಿಕೊಳ್ಳಲು ತೋಳು ಮೇಲೆಳೆದಾಗ ಅವಳ ಕೈ ದೀಪದಡಿ ಬಂತು.

ಅವಳು ಕೈಯನ್ನು ಅಲ್ಲೇ ತಡೆದು ಹಿಡಿದಳು.

ಶನಿವಾರದ ಹೊಸ ಗುರುತು ಕಣ್ಣಿಗೆ ಕಾಣುವಂಥದ್ದೇ. ಆದರೆ ಅದರ ಕೆಳಗೆ, ಮೇಲೆ, ಮಾಸಿಹೋಯಿತೆಂದು ಅವಳು ಮರೆತಿದ್ದ ಹಳೆಯ ಗುರುತುಗಳೂ ಆ ನೇರಳೆ ಬೆಳಕಿನಲ್ಲಿ ಕಪ್ಪಗೆ ಎದ್ದು ನಿಂತಿದ್ದವು. ಬೆರಳಿನ ಪಕ್ಕ ಬೆರಳು. ಒಂದೇ ಕೈಯ ಅಚ್ಚು, ಮತ್ತೆ ಮತ್ತೆ.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಭಾರ ಬಿದ್ದ ಲೋಹ ಹೇಗೆ ಮುರಿಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಂಥ ಬ್ಲೇಡು ಕೈಗೆ ಬಂದಿದ್ದರೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಎಸೆಯುತ್ತಿದ್ದಳು.

'ನವ್ಯಶ್ರೀಯ ಎಡಗೈ... ಅಯ್ಯೋ ದೇವರೇ! ನಾನೇ ಕೂಗಿದೆನಲ್ಲ, ಅಲೆಮಾಂಡ್ ಲೆಫ್ಟ್ ಅಂತ!'

ಮರುದಿನ ಮಧ್ಯಾಹ್ನ ಅವಳು, ಕೂಟದವರನ್ನು ಕೇಳಿ ತಿಳಿದುಕೊಂಡು, ಪೃಥ್ವಿರಾಜ್ ಕೆಲಸ ಮಾಡುವ ಬ್ಯಾಂಕಿನ ಎದುರು ಕಾದು ನಿಂತಳು. ಅವನು ಅವಳನ್ನು ಕಂಡು ಹತ್ತಿರ ಬಂದ.

"ಪೊಲೀಸ್ ಎಲ್ಲಿ?"

"ಕರ್ಕೊಂಡು ಬಂದಿಲ್ಲ," ಎಂದಳು ಅವಳು. "ನವ್ಯಶ್ರೀ ಕೈ ಹೇಗಿದೆ?"

ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನ ಗದ್ದಲದಲ್ಲಿ ಎರಡು ಕಾಫಿಯ ಮುಂದೆ ಕೂತರು.

"ಪಟ್ಟಿ ಕಟ್ಟಿದ್ದಾರೆ. ಮುರಿದಿಲ್ಲ. ನಾನು ಅವಳನ್ನ ಕರ್ಕೊಂಡು ಹೋಗ್ಲಿಕ್ಕೆ ಬಂದವ, ಬಾಗಿಲಲ್ಲಿ ನಿಂತಿದ್ದೆ. ಅವ ಕೈ ತಿರುಚ್ತಾ ನಗ್ತಿದ್ದ. ಹಿಂದಿನ ವಾರ ನವ್ಯ ಅವನಿಗೆ ಮೆಲ್ಲಗೆ ಹಿಡೀರಿ ಅಂದಿದ್ಳಂತೆ, ಅದಕ್ಕೆ."

"ಕೂಗ್ಬಾರ್ದಿತ್ತಾ ಅವಳು?"

"ಕೂಗಿದ್ಳು. ನಿಮ್ಮ ಮೈಕ್ ಜೋರಿತ್ತು."

ಅವಳು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲನೆ ತೋಳು ಮೇಲೆಳೆದಳು.

ಪೃಥ್ವಿ ನೋಡಿದ. ಮೇಜಿನ ಮೇಲಿದ್ದ ಅವನ ಕೈ ತಾನಾಗಿ ಮುಷ್ಟಿಯಾಯಿತು. ಅವಳ ಮೈ ತನಗರಿವಿಲ್ಲದೆ ಹಿಂದಕ್ಕೆ ಸರಿಯಿತು, ಕುರ್ಚಿ ಕಿರ್ರೆಂದಿತು.

"ಆ ಮುಷ್ಟಿ ಬಿಚ್ಚಿ," ಎಂದಳು ಸಣ್ಣ ದನಿಯಲ್ಲಿ. "ಪ್ಲೀಸ್. ನನಗೆ ಅದನ್ನ ನೋಡಿದ್ರೂ ಭಯ."

ಅವನು ಗಾಬರಿಯಾಗಿ ತನ್ನ ಕೈಯನ್ನು ನೋಡಿಕೊಂಡ. ಬೆರಳುಗಳನ್ನು ಬಿಡಿಸಿದ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟ.

"ನಾನು ಹೊಡೀಬಾರ್ದಿತ್ತು. ಅವನಿಗಾಗಿ ಹೇಳ್ತಿಲ್ಲ. ಆ ಹಾಲ್‌ನಲ್ಲಿದ್ದ ಎಲ್ಲ ಹೆಂಗಸ್ರೂ ನನ್ನನ್ನ ನೋಡಿ ಹಿಂದೆ ಹೋದ್ರು. ನವ್ಯ ಕೂಡ." ತುಟಿ ಓರೆ ಮಾಡಿದ. "ಅಲ್ಲ ಮಾರಾಯ್ರೆ, ಅದೆಂತ ಹೆಸರು? ಅಲೆಮಾಂಡ್? ಕೈ ಮುರೀಲಿಕ್ಕೂ ಫ್ಯಾಷನ್ ಹೆಸರು ಬೇಕಾ?"

ಅವಳಿಗೆ ಅಳುವಿನ ನಡುವೆ ನಗು ಬಂತು. "ಫ್ರೆಂಚ್‌ನಲ್ಲಿ ಹಾಗಂದ್ರೆ ಜರ್ಮನ್. ಜರ್ಮನರ ಕುಣಿತ ಅಂತ ಫ್ರೆಂಚರು ಒಂದು ಕುಣೀತಿದ್ರು, ಜೋಡಿ ಕೈ ಬಿಡದೆ ಹೆಣೆದು ಹೆಣೆದು. ಆ ಹೆಸರಲ್ಲಿ ಈಗ ಉಳಿದಿರೋದು ಕೈ ಹಿಡಿದು ಸುತ್ತೋದು ಮಾತ್ರ. ಡೋ-ಸಿ-ಡೋ ಅನ್ನೋ ಹೆಜ್ಜೆ ಹೆಸರೂ ಫ್ರೆಂಚೇ. ಬೆನ್ನಿಗೆ ಬೆನ್ನು ಅಂತ."

"ಕೈ ಹಿಡೀದೇ ಆಡುವಂಥದ್ದು ಯಾವುದೂ ಇಲ್ವಾ?"

"ಒಂದಿದೆ. ಜಿಪ್ಸಿ ಅಂತಾರೆ. ಕಣ್ಣಲ್ಲಿ ಕಣ್ಣಿಟ್ಟು ಒಬ್ಬರ ಸುತ್ತ ಒಬ್ಬರು ನಡೀಬೇಕು. ಮುಟ್ಟೋ ಹಾಗಿಲ್ಲ."

"ಅದಕ್ಕೆ ಯಾಕೆ ಆ ಹೆಸರು?"

"ಗೊತ್ತಿಲ್ಲ. ಜನ ಏನೇನೋ ಕಥೆ ಹೇಳ್ತಾರೆ. ನನಗೆ ಖಾತ್ರಿ ಇಲ್ಲದ್ದನ್ನ ನಾನು ಹೇಳಲ್ಲ."

"ಹೌದಾ?" ಅವನ ದೃಷ್ಟಿ ಅವಳ ಮಣಿಕಟ್ಟಿನ ಮೇಲೆ ಇಳಿಯಿತು. "ಇದರ ಬಗ್ಗೆ ಈಗ ಖಾತ್ರಿ ಆಯ್ತಲ್ವಾ?"

ಅವತ್ತೇ ಸಂಜೆ ಅವಳು ಕೌಶಿಕ್‌ಗೆ ನಿಶ್ಚಿತಾರ್ಥದ ಉಂಗುರ ವಾಪಸ್ ಕೊಟ್ಟಳು. ಅವನು ಕೂಗಾಡಲಿಲ್ಲ. ಉಂಗುರವನ್ನು ಜೇಬಿಗೆ ಹಾಕಿಕೊಂಡು ನಕ್ಕ.

"ಮೈಕ್ ಹಿಡಿಯೋ ಕೈಯಿಂದ ಬಂದ ಕೊಬ್ಬು ಇದು. ಆ ಕೈ ಎಷ್ಟು ದಿನ ಇರುತ್ತೆ ನೋಡ್ತೀನಿ."

ಅವಳು ಬಾಡಿಗೆಗಿದ್ದ ವುಡ್‌ಲ್ಯಾಂಡ್ಸ್ ಫ್ಲ್ಯಾಟಿನ ಒಡತಿ ಕೌಸಲ್ಯಾ ಆಂಟಿ, ಕೂಟಕ್ಕೆ ಮೈಲೋ ಪುಡಿಯ ಚಾಕೊಲೇಟ್ ಪಾನೀಯ ಕಲೆಸಿ ಕೊಡುವವಳು ಕೂಡ, ಅದನ್ನು ಕೇಳಿ ಹಣೆ ಚಚ್ಚಿಕೊಂಡಳು. "ಒಂದಷ್ಟು ವಾರ ಡ್ಯಾನ್ಸ್ ನಿಲ್ಸು ಕಣೆ!"

"ನಿಲ್ಸಿದ್ರೆ ಅವನು ಗೆದ್ದ ಹಾಗೆ ಆಂಟಿ. ಈ ಕೈ ನಂದು. ಈ ಕೆಲ್ಸನೂ ನಂದು."

ಪೃಥ್ವಿರಾಜ್ ತಂಗಿಯ ಜೊತೆ ಶನಿವಾರಗಳಲ್ಲಿ ಬರತೊಡಗಿದ. ಹೆಜ್ಜೆ ತಪ್ಪುತ್ತಿದ್ದ, ಎಡ ಅಂದರೆ ಬಲಕ್ಕೆ ಹೋಗುತ್ತಿದ್ದ, ಎಲ್ಲರನ್ನೂ ನಗಿಸುತ್ತಿದ್ದ.

"ಅಣ್ಣ ಫುಲ್ ಕಾಮಿಡಿ ಲಾ!" ಎನ್ನುತ್ತಿದ್ದಳು ನವ್ಯಶ್ರೀ, ಸಿಂಗಾಪುರದವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಬಿಡುವಿನಲ್ಲಿ ಜ್ಯೋತ್ಸ್ನಾ ಕೆಳಗಿಳಿದರೆ ಅವನು ಅವಳನ್ನು ಒಂದೇ ಒಂದಕ್ಕೆ ಕರೆಯುತ್ತಿದ್ದ. ಜಿಪ್ಸಿಗೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಸುತ್ತ ನಡೆಯುತ್ತಿದ್ದ, ಕಣ್ಣು ಕೀಳದೆ. ಅವಳೂ ಕಣ್ಣು ಕೀಳುತ್ತಿರಲಿಲ್ಲ.

"ಸ್ವಿಂಗ್ ಕಲೀರಿ ಇನ್ನು," ಎಂದಳು ಒಮ್ಮೆ. "ಇಬ್ಬರೂ ಕೈ ಹಿಡಿದು ಹಿಂದಕ್ಕೆ ವಾಲಬೇಕು, ಒಬ್ಬರ ಭಾರ ಇನ್ನೊಬ್ಬರಿಗೆ ಕೊಡಬೇಕು. ಆಗಲೇ ಅದು ತಿರುಗೋದು."

"ಅದು ನನಗೆ ಬೇಡ," ಎಂದು ಅವನು ಥಟ್ಟನೆ ದೂರ ಸರಿದ.

'ಇಷ್ಟವಿಲ್ಲ ಅವನಿಗೆ. ಕನಿಕರ ಅಷ್ಟೇ... ಮೊದಲ ದಿನದಿಂದಲೂ ಕನಿಕರವೇ!' ಅವಳು ಕಣ್ಣೀರು ನುಂಗಿಕೊಂಡು ವೇದಿಕೆ ಹತ್ತಿದಳು.

ಏಪ್ರಿಲ್‌ನ ಒಂದು ಶನಿವಾರ ಅದು ನಡೆಯಿತು.

ಕಾಲರ್‌ಗಳ ಒಂದು ಪದ್ಧತಿಯಿದೆ. ನೃತ್ಯ ಜನರ ಕಾಲಿಗೆ ಹತ್ತಿದ ಮೇಲೆ ಕರೆಗಳನ್ನು ಒಂದೊಂದಾಗಿ ಬಿಡುತ್ತಾ ಬಂದು ಕೊನೆಗೆ ಮೌನವಾಗುತ್ತಾರೆ. ಬರೀ ಸಂಗೀತದ ಮೇಲೆ ಸಾಲು ತಾನೇ ನಡೆಯುತ್ತದೆ. ಆ ಮೌನವನ್ನು ಯಾರೂ ವಿಚಿತ್ರವೆಂದುಕೊಳ್ಳುವುದಿಲ್ಲ. ಎಷ್ಟೋ ವಾರ ಅದೇ ಹಾಲ್‌ನಲ್ಲಿ ಕುಣಿದಿದ್ದ ಕೌಶಿಕ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಜ್ಯೋತ್ಸ್ನಾ ಮೈಕ್ ಆಫ್ ಮಾಡಿದಳು. ಆ ಗಳಿಗೆಗೇ ವೇದಿಕೆಯ ಹಿಂದಿನ ಬಾಗಿಲು ತೆರೆಯಿತು.

ಒಂದು ಕೈ ಅವಳ ಬಾಯಿ ಮುಚ್ಚಿತು. ಇನ್ನೊಂದು ಅವಳ ಬಲ ಮಣಿಕಟ್ಟನ್ನು ಹಿಡಿದು ಹಿಂದಕ್ಕೆ ಮಡಚಿತು.

"ಈಗ ಕೂಗು ಜೋ. ಕೂಗು ನೋಡೋಣ."

ಮೂಳೆ ಮುರಿದದ್ದು ಅವಳಿಗೆ ಕೇಳಿಸಲಿಲ್ಲ, ಪಿಟೀಲು ಅಷ್ಟು ಜೋರಾಗಿತ್ತು. ಭುಜದವರೆಗೆ ಬೆಂಕಿ ಹತ್ತಿದಂತಾಯಿತು. ಮೈಕ್ ಕೆಳಗೆ ಬಿತ್ತು. ಅವನು ಅವಳ ಕೆನ್ನೆಗೆ ಬಾರಿಸಿದ. ಬಾಯಿಯಲ್ಲಿ ರಕ್ತದ ರುಚಿ. ಅವನು ಅವಳ ಎಡಗೈ ಹಿಡಿದು ಹಿಂಬಾಗಿಲ ಕಡೆಗೆ ದರದರನೆ ಎಳೆಯತೊಡಗಿದ.

ಕೆಳಗೆ ಜನ ನಗುತ್ತಾ ಕುಣಿಯುತ್ತಿದ್ದರು. ಅವಳ ಚೀರು ಪಿಟೀಲಿನಲ್ಲಿ ಮುಳುಗಿತು, ಯಾರೊಬ್ಬರೂ ತಲೆಯೆತ್ತಲಿಲ್ಲ!

ಅವಳು ಕಾಲೂರಿ ಎದುರೆಳೆದಳು. ಅವನು ಇನ್ನಷ್ಟು ಎಳೆದ. ಇಬ್ಬರೂ ಹಿಂದಕ್ಕೆ ವಾಲಿದ್ದರು, ಸ್ವಿಂಗ್‌ನಲ್ಲಿ ವಾಲುವ ಹಾಗೆಯೇ. ಆ ನೋವಿನ ನಡುವೆಯೂ ಅವಳ ತಲೆಯ ಒಂದು ಮೂಲೆ ತಣ್ಣಗೆ ಲೆಕ್ಕ ಹಾಕಿತು. 'ಅವನು ನಿಂತಿರೋದೇ ನನ್ನ ಭಾರದ ಮೇಲೆ.' ಅವಳು ಇನ್ನಷ್ಟು ಹಿಂದಕ್ಕೆ ವಾಲಿದಳು, ಸುತ್ತು ತಿರುಗಿ ಅವನ ಬೆನ್ನು ವೇದಿಕೆಯ ಅಂಚಿಗೆ ಬರುವಂತೆ ಮಾಡಿದಳು. ಆಮೇಲೆ ಥಟ್ಟನೆ ಮುಂದಕ್ಕೆ ಹೆಜ್ಜೆ ಇಟ್ಟಳು.

ಕೌಶಿಕ್ ಹಿಂದಕ್ಕೆ ಮಗುಚಿ ವೇದಿಕೆಯಿಂದ ಕೆಳಗೆ, ಖಾಲಿ ಸೋಡಾ ಬಾಟಲಿಗಳ ಕ್ರೇಟಿನ ಮೇಲೆ ಬಿದ್ದ. ಗಾಜು ಚೂರುಚೂರಾಯಿತು. ಎದ್ದು ನಿಂತಾಗ ಅವನ ಕೈಯಲ್ಲಿ ಒಡೆದ ಬಾಟಲಿಯ ಕುತ್ತಿಗೆಯಿತ್ತು.

ಸಾಲಿನ ತುದಿ ತಲುಪಿದ ಜೋಡಿಗೆ ಎದುರಿಗೆ ಯಾರೂ ಸಿಗುವುದಿಲ್ಲ. ಅವರು ಒಂದು ಸುತ್ತು ಸುಮ್ಮನೆ ನಿಂತು ಕಾಯಬೇಕು. ಹಾಗೆ ವೇದಿಕೆಯ ಬುಡದಲ್ಲಿ ಆಗಷ್ಟೇ ಬಂದು ನಿಂತಿದ್ದವರು ಪೃಥ್ವಿರಾಜ್ ಮತ್ತು ನವ್ಯಶ್ರೀ.

"ಜ್ಯೋತ್ಸ್ನಾ!"

ಪೃಥ್ವಿರಾಜ್ ಅಡ್ಡ ಬಂದ. ವೇದಿಕೆ ಹತ್ತಲು ಹೊರಟ ಕೌಶಿಕ್ ಬೀಸಿದ ಗಾಜು ಅವನ ತೋಳನ್ನು ಮೊಣಕೈಯಿಂದ ಮುಂಗೈವರೆಗೆ ಸೀಳಿತು. ಬಿಳಿ ಶರ್ಟು ಕೆಂಪಾಯಿತು. ಕೌಶಿಕ್ ಅವನ ಪಕ್ಕೆಗೆ ಒದ್ದ. ಪೃಥ್ವಿ ಮಂಡಿಯೂರಿದ, ಆದರೂ ಕೌಶಿಕ್‌ನ ಸೊಂಟ ಹಿಡಿದದ್ದನ್ನು ಬಿಡಲಿಲ್ಲ. ಮತ್ತೊಂದು ಒದೆತ... ಮತ್ತೊಂದು... ಜನ ಕಿರುಚುತ್ತಾ ಚೆದುರತೊಡಗಿದರು. ಬಾಗಿಲ ಕಡೆ ನೂಕುನುಗ್ಗಲು.

ಜ್ಯೋತ್ಸ್ನಾ ಎಡಗೈಯಿಂದ ನೆಲದ ಮೇಲಿನ ಮೈಕ್ ಎತ್ತಿಕೊಂಡಳು. ಹೆಬ್ಬೆರಳಿನಿಂದ ಸ್ವಿಚ್ ಒತ್ತಿದಳು.

ಕಿರುಚಲಿಲ್ಲ. ಪ್ರತಿ ಶನಿವಾರದ ಅದೇ ದನಿ, ತಾಳಕ್ಕಿಂತ ಒಂದು ಉಸಿರು ಮೊದಲು.

"ಜಾಯಿನ್ ಹ್ಯಾಂಡ್ಸ್. ಬಿಗ್ ಸರ್ಕಲ್!"

ಓಡುತ್ತಿದ್ದ ಕಾಲುಗಳು ನಿಂತವು. ಕೈಗಳು ಪಕ್ಕದ ಕೈಗಳನ್ನು ಹುಡುಕಿದವು. ಯಾರೂ ಯೋಚಿಸಲಿಲ್ಲ. ಅಷ್ಟು ದಿನ ಆ ದನಿ ಹೇಳಿದ್ದನ್ನು ಮಾಡಿದ್ದರು, ಈಗಲೂ ಮಾಡಿದರು. ಗಾಯಗೊಂಡವನನ್ನೂ ಹೊಡೆಯುವವನನ್ನೂ ಸುತ್ತಿ ದೊಡ್ಡದೊಂದು ವೃತ್ತ ಮುಚ್ಚಿಕೊಂಡಿತು.

"ಪೃಥ್ವಿ, ಬಿಟ್ಟು ಹಿಂದಕ್ಕೆ ಬನ್ನಿ! ಎವ್ರಿಬಡಿ... ಫಾರ್ವರ್ಡ್!"

ಪೃಥ್ವಿ ಉರುಳಿ ವೃತ್ತದ ಕೈಗಳ ಕೆಳಗಿಂದ ಆಚೆ ಬಂದ. ವೃತ್ತ ಮುನ್ನುಗ್ಗಿತು. ಮುಂದಕ್ಕೆ ಎಂದ ಮೇಲೆ ಹಿಂದಕ್ಕೆ ಎನ್ನುವುದು ಆ ಚಲನೆಯ ನಿಯಮ. ಎಲ್ಲರೂ ಆ ಕರೆಗೆ ಕಾದರು.

ಅವಳು ಹಿಂದಕ್ಕೆ ಎನ್ನಲಿಲ್ಲ.

ಹೆಗಲಿಗೆ ಹೆಗಲು ತಾಗಿ ಜನ ಗೋಡೆಯಾಗಿ ನಿಂತರು. ಕೌಶಿಕ್‌ಗೆ ತೋಳು ಬೀಸಲು ಜಾಗವೇ ಉಳಿಯಲಿಲ್ಲ. ಬಾಟಲಿ ಹಿಡಿದ ಅವನ ಮಣಿಕಟ್ಟನ್ನು ಹಿಂದಿನಿಂದ ಎರಡು ಕೈಗಳು ಹಿಡಿದವು. ನವ್ಯಶ್ರೀ! ಅವಳು ತನ್ನ ಪೂರ್ತಿ ಭಾರ ಹಾಕಿ ಜೋತುಬಿದ್ದಳು.

"ನೋವಾಗ್ತಿದ್ಯಾ?" ಎಂದಳು ಹಲ್ಲು ಕಚ್ಚಿ. "ಕೂಗಿ ಲಾ! ಈಗ ಮೈಕ್ ಜೋರಿಲ್ಲ!"

ಗಾಜು ನೆಲಕ್ಕೆ ಬಿತ್ತು. ಪೊಲೀಸರು ಮೆಟ್ಟಿಲು ಹತ್ತಿ ಬರುವವರೆಗೂ ಆ ವೃತ್ತದಲ್ಲಿ ಒಂದು ಕೈಯೂ ಬಿಡಲಿಲ್ಲ.

ಜೂನ್‌ನಲ್ಲಿ, ಮದುವೆ ನಡೆಯಬೇಕಿದ್ದ ವಾರದಲ್ಲೇ, ಜ್ಯೋತ್ಸ್ನಾ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಕೂತಿದ್ದಳು. ಕೌಶಿಕ್ ಜೈಲಿನಲ್ಲಿದ್ದ. ಪ್ಲಾಸ್ಟರ್ ತೆಗೆದ ಅವಳ ಬಲಗೈ ಸೊರಗಿ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ನರ್ಸ್ ಹಿಡಿತದ ಬಲ ಅಳೆಯುವ ಮಾಪಕವನ್ನು ಕೊಟ್ಟು ಒತ್ತಲು ಹೇಳಿದಳು. ಮುಳ್ಳು ಎಂಟು ಕಿಲೋ ದಾಟಲಿಲ್ಲ.

"ರೆಸ್ಟ್ ಫಸ್ಟ್, ಟ್ರೈ ಅಗೇನ್ ಲಾ," ಎಂದು ನರ್ಸ್ ಹೊರಗೆ ಹೋದಳು.

ಪಕ್ಕದಲ್ಲಿ ಪೃಥ್ವಿರಾಜ್. ಅವನ ತೋಳಿನ ಮೇಲೆ ಹೊಲಿಗೆಯ ಉದ್ದ ಗೆರೆ. ಪ್ರತಿ ಸಲವೂ ಅವಳ ಜೊತೆ ಬರುತ್ತಿದ್ದ. ಪ್ರತಿ ಸಲವೂ ಒಂದು ಕುರ್ಚಿ ಬಿಟ್ಟು ಕೂರುತ್ತಿದ್ದ.

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಕನಿಕರಕ್ಕೆ ಬರ್ತಿದ್ರೆ ಇನ್ಮೇಲೆ ಬರಬೇಡಿ."

"ಕನಿಕರವಾ?" ಅವನು ಬೆಚ್ಚಿದ. "ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಜಿಪ್ಸಿ ಬಿಟ್ರೆ ಬೇರೆ ಯಾವುದಕ್ಕೂ ಕರೆದಿಲ್ಲ ನೀವು. ನನ್ನ ಕೈ ಮುಟ್ಟೋಕೂ ನಿಮಗೆ..."

"ಭಯ ಜ್ಯೋತ್ಸ್ನಾ!"

ಅವನು ತನ್ನ ಅಂಗೈಗಳನ್ನು ಅವಳ ಮುಂದೆ ಬಿಡಿಸಿ ಹಿಡಿದ, ಅವತ್ತು ಕಾಫಿಯ ಮೇಜಿನ ಮೇಲೆ ಇಟ್ಟ ಹಾಗೆಯೇ.

"ಈ ಮುಷ್ಟಿ ನೋಡಿ ನೀವು ಕುರ್ಚಿ ಸಮೇತ ಹಿಂದೆ ಹೋದ್ರಿ. ಅದು ನನ್ನ ಕಣ್ಣಿಂದ ಹೋಗುದಿಲ್ಲ. ಅವ ಹಿಡಿದ ಜಾಗದಲ್ಲಿ ನಾನು ಹೇಗೆ ಹಿಡೀಲಿ? ಪ್ರೀತಿ ಇಲ್ಲ ಅಂತ ಯಾವಾಗ ಹೇಳಿದೆ? ಪ್ರೀತಿ ಇದ್ದದ್ದಕ್ಕೇ ಅಲ್ವಾ ಕೈ ಹಿಂದೆ ಕಟ್ಕೊಂಡು ತಿರುಗಿದ್ದು!"

ಅವಳ ಕಣ್ಣಿಂದ ನೀರು ಹರಿಯಿತು. 'ಇಷ್ಟು ದಿನ... ಇಷ್ಟು ದಿನ ಇದನ್ನ ಎದೆಯಲ್ಲಿ ಇಟ್ಕೊಂಡಿದ್ನಾ!'

ಅವಳು ಎದ್ದು ನಡುವಿನ ಖಾಲಿ ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಸೊರಗಿದ ಬಲಗೈಯನ್ನು ಚಾಚಿದಳು.

"ಹಿಡೀರಿ."

"ನೋವಾದ್ರೆ?"

"ಹೇಳ್ತೀನಿ. ಈಗ ಹೇಳೋಕೆ ಬರುತ್ತೆ ನನಗೆ."

ಅವನು ಹಿಡಿದ. ಹಿಡಿದೂ ಹಿಡಿಯದ ಹಾಗೆ.

"ಹೀಗಲ್ಲ. ಸ್ವಲ್ಪ ಹಿಂದಕ್ಕೆ ವಾಲಿ. ನಾನೂ ವಾಲ್ತೀನಿ. ಭಾರ ಕೊಡಿ ಪೃಥ್ವಿ."

ಫಿಸಿಯೋಥೆರಪಿ ಕೋಣೆಯ ನಡುವೆ ಇಬ್ಬರೂ ಒಬ್ಬರ ಭಾರದ ಮೇಲೊಬ್ಬರು ನಿಂತರು. ಯಾರೂ ಬೀಳಲಿಲ್ಲ.

"ಜೀವನ ಪೂರ್ತಿ ಹೀಗೇ ನನ್ನ ಮೇಲೆ ಭಾರ ಹಾಕ್ತೀರಾ?" ಅವನು ಪಿಸುಗುಟ್ಟಿದ.

"ಹಾಕ್ತೀನಿ. ನೀವೂ ಹಾಕ್ಬೇಕು. ಒಬ್ಬರೇ ಹಾಕಿದ್ರೆ ಅದು ತಿರುಗಲ್ಲ."

"ಎಡ ಅಂದ್ರೆ ಬಲಕ್ಕೆ ಹೋಗ್ತೇನಲ್ಲ ನಾನು?"

"ಕರೆಯೋಕೆ ನಾನಿದ್ದೀನಲ್ಲ!"

ಬಾಗಿಲಲ್ಲಿ ನರ್ಸ್ ಕೆಮ್ಮಿದಳು. ಜ್ಯೋತ್ಸ್ನಾ ಕಣ್ಣೊರೆಸಿಕೊಂಡು, ಈಗ ಎಡಗೈಯನ್ನು ಅವನ ಕೈಗಿಟ್ಟು, ಬಲಗೈಯಲ್ಲಿ ಮಾಪಕ ಹಿಡಿದು ಒತ್ತಿದಳು.

ಹನ್ನೊಂದು ಕಿಲೋ.